ಭೀಮನಿಗೆ ಜೊತೆ ಬೇಡ

ಫ್ಲವರ್‌ಹಾರ್ನ್ ಯಾವ ನದಿಯ ಮೀನೂ ಅಲ್ಲ. 1990ರ ದಶಕದಲ್ಲಿ ಮಲೇಷ್ಯಾದ ಮೀನು ಸಾಕಣೆದಾರರು ಸಿಕ್ಲಿಡ್ ಅನ್ನುವ ಮೀನುಕುಟುಂಬದ, ಮಧ್ಯ ಅಮೆರಿಕದ ಬೇರೆ ಬೇರೆ ಜಾತಿಗಳನ್ನು ಬೆರಕೆ ಮಾಡುತ್ತಾ ಹೋಗಿ ಇದನ್ನು ಹುಟ್ಟಿಸಿದರು. ಇದರ ಪೂರ್ವಿಕರಲ್ಲಿ ಕೆಲವು ನಿಕರಾಗುವಾದ ಸರೋವರಗಳವು, ಕೆಲವು ಮೆಕ್ಸಿಕೊ ಕಡೆಯ ಹೊಳೆಗಳವು. ನಿಕರಾಗುವಾದ ಮೈಡಾಸ್ ಸಿಕ್ಲಿಡ್ ಗಂಡಿಗೆ ಮರಿ ಮಾಡುವ ಕಾಲ ಬಂದಾಗ ಹಣೆ ಉಬ್ಬುತ್ತದೆ, ಆಮೇಲೆ ಇಳಿಯುತ್ತದೆ. ಆ ಉಬ್ಬು ಇಳಿಯದೇ ಉಳಿಯುವಂತೆ ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ್ದೇ ಫ್ಲವರ್‌ಹಾರ್ನ್. ಅಂಗಡಿಯವರು ಆ ಉಬ್ಬನ್ನು ‘ಕೋಕ್’ ಅನ್ನುತ್ತಾರೆ. ಮೀನಿನ ಬೆಲೆ ನಿಲ್ಲುವುದು ಅದರ ಮೇಲೆ.

ಈ ಮೀನು ಮನೆಗೆ ಬಂದರೆ ಅದೃಷ್ಟ ಬರುತ್ತದೆ, ಇಂಥ ಮೂಲೆಯಲ್ಲಿಟ್ಟರೆ ವಾಸ್ತುದೋಷ ಹೋಗುತ್ತದೆ ಅನ್ನುವ ವ್ಯಾಪಾರ ನಮ್ಮ ಕಡೆಯೂ ಜೋರಾಗಿದೆ. ಮೈಮೇಲಿನ ಕಪ್ಪು ಗುರುತುಗಳಲ್ಲಿ ಚೀನೀ ಅಕ್ಷರ ಓದುವವರೂ ಇದ್ದಾರೆ. ನನಗೆ ಬೇಕಾಗಿದ್ದದ್ದು ಅದಲ್ಲ. ಗಪ್ಪಿ, ಗೋಲ್ಡ್‌ಫಿಶ್ ಎಲ್ಲ ನೋಡಿದ ಮೇಲೆ, ನಾವು ಮೀನನ್ನು ನೋಡುವಷ್ಟೇ ಗಮನವಿಟ್ಟು ನಮ್ಮನ್ನು ನೋಡುವ ಮೀನು ಇದೊಂದೇ ಅನ್ನಿಸಿತ್ತು. ಗಾಜಿನ ಮೇಲೆ ಬೆರಳು ಎತ್ತ ಸರಿಸಿದರೆ ಅತ್ತ ಬರುತ್ತದೆ. ಹೆದರಿ ಓಡುವುದಿಲ್ಲ, ‘ಏನು ನಿನ್ನದು?’ ಅಂತ ಕೇಳುವ ಹಾಗೆ ಬರುತ್ತದೆ.

ಮೀನಿಗಿಂತ ಮೊದಲು ಟ್ಯಾಂಕ್ ಬಂತು. ಎರಡಿಂಚಿನ ಮರಿಗೆ ಎರಡಡಿ ಟ್ಯಾಂಕ್ ಸಾಕು ಅಂತ ಹೇಳುವವರು ಬಹಳ ಮಂದಿ. ಚೆನ್ನಾಗಿ ಬೆಳೆದ ಫ್ಲವರ್‌ಹಾರ್ನ್ ಒಂದಡಿಯ ಹತ್ತಿರ ಹೋಗುತ್ತದೆ, ಹತ್ತು ವರ್ಷದ ಆಸುಪಾಸು ಬದುಕುತ್ತದೆ. ಹಾಗಾಗಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದನ್ನೇ ಮಾಡಿಸಿದೆ. ತುಂಬಿದರೆ ಸುಮಾರು 250 ಲೀಟರ್ ನೀರು. ಗಾಜು, ಮರಳು ಸೇರಿದರೆ 300 ಕೆ.ಜಿ. ದಾಟುತ್ತದೆ. ಟೀಪಾಯಿ ಮೇಲಿಡುವ ಮಾತಲ್ಲ. ತುಮಕೂರಿನ ನಮ್ಮ ಮನೆ ನೆಲಮಹಡಿಯದು. ಹಾಲಿನ ಗೋಡೆಗೆ ಒತ್ತಿ ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಮೇಲೆ ಕಡಪ ಕಲ್ಲು ಹಾಸಿ, ಅದರ ಮೇಲೆ ಥರ್ಮಕೋಲ್ ಶೀಟ್ ಇಟ್ಟು ಟ್ಯಾಂಕ್ ಕೂರಿಸಿದೆವು. ಕಲ್ಲಿನಲ್ಲಿ ಕೂದಲೆಳೆಯಷ್ಟು ಏರುತಗ್ಗು ಇದ್ದರೂ ಗಾಜು ಆ ಒತ್ತಡವನ್ನು ಎಂದೋ ಒಂದು ದಿನ ಬಿರುಕು ಬಿಟ್ಟು ತೀರಿಸಿಕೊಳ್ಳುತ್ತದೆ. ಥರ್ಮಕೋಲ್ ಇಡುವುದು ಅದಕ್ಕೇ.

ನೀರಿನ ಕಥೆ ದೊಡ್ಡದು. ನಮ್ಮಲ್ಲಿ ಎರಡು ನೀರು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಬಂದ ದಿನ ಸಂಪು ತುಂಬುತ್ತದೆ. ಉಳಿದ ದಿನಕ್ಕೆ ಬೋರ್‌ವೆಲ್. ಬೋರಿನ ನೀರು ಎಷ್ಟು ಗಡಸು ಅಂದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಬೇಳೆ ಬೇಯಿಸುವವರು ಶಪಿಸುವ ಈ ನೀರು ಮಧ್ಯ ಅಮೆರಿಕದ ಸಿಕ್ಲಿಡ್‌ಗಳಿಗೆ ಹಿತ. ಅವಕ್ಕೆ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಏಳರಿಂದ ಎಂಟರ ನಡುವೆ ಇರಬೇಕು, ಸ್ವಲ್ಪ ಗಡಸಾಗಿಯೇ ಇರಬೇಕು. ಮೆದು ನೀರೇ ಬೇಕೆನ್ನುವ ಡಿಸ್ಕಸ್ ಮೀನು ಸಾಕುವವರು ಆರ್‌ಓ ನೀರಿಗೆ ದುಡ್ಡು ಸುರಿಯುವಾಗ ನಾನು ನಲ್ಲಿ ತಿರುಗಿಸಿ ಸುಮ್ಮನಿರಬಹುದು.

ಪೂರ್ತಿ ಸುಮ್ಮನಿರುವ ಹಾಗೂ ಇಲ್ಲ. ಮೀನಿನ ಮಲಮೂತ್ರದಿಂದ, ತಿನ್ನದೆ ಬಿಟ್ಟ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಪಿಎಚ್ ಹೆಚ್ಚಿದ್ದಷ್ಟೂ ಆ ಅಮೋನಿಯಾದ ವಿಷ ಹೆಚ್ಚು. ಅಂದರೆ ಮೀನಿಗೆ ಹಿತವಾದ ನೀರೇ ಅದರ ಕೊಳೆಯನ್ನು ಹೆಚ್ಚು ಅಪಾಯದ್ದಾಗಿ ಮಾಡುತ್ತದೆ. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆ, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು ಬಗೆ. ಇವೆರಡೂ ಫಿಲ್ಟರಿನ ಸ್ಪಂಜು, ಸೆರಾಮಿಕ್ ರಿಂಗುಗಳ ಮೇಲೆ ನೆಲೆಯೂರಬೇಕು. ಅದಕ್ಕೆ ಒಂದು ತಿಂಗಳ ಮೇಲೆ ಹಿಡಿಯುತ್ತದೆ. ಆ ಅವಧಿಯಲ್ಲಿ ನಮ್ಮ ಹಾಲಿನಲ್ಲಿ ಇದ್ದದ್ದು ಮೀನಿಲ್ಲದ ಟ್ಯಾಂಕ್. ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡುವುದು, ಟೆಸ್ಟ್ ಕಿಟ್ಟಿನ ಬಣ್ಣ ನೋಡಿ ಬರೆದಿಡುವುದು. ‘ನೀರಿಗೆ ಊಟ ಹಾಕ್ತಾನೆ ನನ್ ಮಗ’ ಅಂತ ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡು ನಕ್ಕಿದ್ದು ಆಗಲೇ. ಮೊದಲು ಅಮೋನಿಯಾ ಏರಿತು, ಅದು ಇಳಿಯುತ್ತಾ ನೈಟ್ರೈಟ್ ಏರಿತು, ಕೊನೆಗೆ ಎರಡೂ ಸೊನ್ನೆಗೆ ಬಂದು, ಅವುಗಳಷ್ಟು ವಿಷವಲ್ಲದ ನೈಟ್ರೇಟ್ ಮಾತ್ರ ಉಳಿಯಿತು. ಆಮೇಲೆ ಬೆಂಗಳೂರಿಗೆ ಹೋದೆ.

ಶಿವಾಜಿನಗರದ ಕಡೆಯ ಅಂಗಡಿಯೊಂದರಲ್ಲಿ ಫ್ಲವರ್‌ಹಾರ್ನ್ ಮರಿಗಳನ್ನು ಪುಟ್ಟ ಪುಟ್ಟ ಗಾಜಿನ ಗೂಡುಗಳಲ್ಲಿ ಒಂದೊಂದನ್ನೇ ಇಟ್ಟಿದ್ದರು. ಒಂದು ಇನ್ನೊಂದನ್ನು ನೋಡದ ಹಾಗೆ ನಡುವೆ ರಟ್ಟು. ಚೆನ್ನೈನ ಕೊಳತ್ತೂರಿನಿಂದ ಬಂದ ಮಾಲು. ನಮ್ಮ ಸೀಮೆಯ ಬಣ್ಣದ ಮೀನುಗಳಲ್ಲಿ ಬಹಳಷ್ಟು ಅಲ್ಲಿಂದಲೇ ಬರುವುದು. ಎರಡು ತೆಗೆದುಕೊಂಡರೆ ಹೇಗೆ ಅಂತ ಕೇಳಿದ್ದಕ್ಕೆ ಅಂಗಡಿಯವರು ರಟ್ಟನ್ನು ಸ್ವಲ್ಪ ಎತ್ತಿ ತೋರಿಸಿದರು. ಎರಡೂ ಕಡೆಯ ಮರಿಗಳು ಕಿವಿರು ಅಗಲಿಸಿ ಗಾಜಿಗೆ ಬಂದು ಗುದ್ದಿದವು. ಬೆರಳುದ್ದವೂ ಇಲ್ಲದ ಮರಿಗಳು. ‘ಎರಡು ಕೊಡ್ತೀನಿ ಸರ್, ತಿಂಗಳಾದ್ಮೇಲೆ ಅದು ಒಂದೇ ಆಗಿರುತ್ತೆ. ಒಂದೇ ತಗೊಂಡೋಗಿ, ಗಂಡು, ಗ್ಯಾರಂಟಿ’ ಅಂದರು.

ಮಗಳು ಅದಕ್ಕೆ ಭೀಮ ಅಂತ ಹೆಸರಿಟ್ಟಳು. ತಿನ್ನುವ ರಭಸ ನೋಡಿ ಇಟ್ಟ ಹೆಸರು.

ಮೊದಲ ಕೆಲವು ದಿನ ಭೀಮನ ರಾಜ್ಯ ಟ್ಯಾಂಕಿನ ಎಡಮೂಲೆಯಲ್ಲಿ ಮಗ್ಗುಲಾಗಿ ಮಲಗಿಸಿದ್ದ ಮಣ್ಣಿನ ಕುಂಡದ ಸುತ್ತ ಒಂದು ಗೇಣು ಮಾತ್ರ. ಅದರಾಚೆ ಕೈ ಹಾಕಿದರೆ ಕುಂಡದೊಳಗೆ ಹೋಗಿ ಕೂರುತ್ತಿತ್ತು. ಈಚೆ ಹಾಕಿದರೆ ಎದುರು ಬರುತ್ತಿತ್ತು. ದಿನ ಕಳೆದಂತೆ ಆ ಗೆರೆ ಸರಿಯತೊಡಗಿತು. ನಮ್ಮ ಊರ ಕಡೆ ಪಕ್ಕದ ಹೊಲದವನು ಪ್ರತಿ ಉಳುಮೆಗೂ ಒಂದು ಸಾಲು ಬದು ಒತ್ತಿಕೊಂಡು ಬರುತ್ತಾನಲ್ಲ, ಹಾಗೆ. ಮೊದಲು ಕುಂಡ, ಆಮೇಲೆ ಕುಂಡದಿಂದ ಹೀಟರ್‌ವರೆಗೆ, ಆಮೇಲೆ ಫಿಲ್ಟರಿನ ಪೈಪಿನವರೆಗೆ. ಬೆಳೆದು ಒಂದು ಅಂಗೈ ಆಗುವ ಹೊತ್ತಿಗೆ ನಾಲ್ಕಡಿಯೂ ಅದರದೇ.

ಒತ್ತಿಕೊಂಡ ಜಾಗವನ್ನು ಅದು ಹಾಗೇ ಬಿಡುವುದೂ ಇಲ್ಲ, ತನಗೆ ಬೇಕಾದ ಹಾಗೆ ತಿದ್ದುತ್ತದೆ. ನಾನು ಆಸೆಪಟ್ಟು ನೆಟ್ಟ ಗಿಡಗಳು ಬೆಳಗಾಗುವಷ್ಟರಲ್ಲಿ ಬೇರುಸಹಿತ ತೇಲುತ್ತಿದ್ದವು. ಬಾಯಿ ತುಂಬ ಮರಳು ತೆಗೆದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಉಗುಳಿ ಉಗುಳಿ ತಳದ ಗಾಜು ಕಾಣುವ ಹಾಗೆ ಗುಂಡಿ ತೋಡಿತು. ಥರ್ಮಾಮೀಟರ್ ಕಿತ್ತು ಆಡಿಸಿತು. ಗಾಜಿನ ಹೀಟರಿಗೆ ತಲೆಯಲ್ಲಿ ಗುದ್ದುವುದು ನೋಡಿ ಅದಕ್ಕೆ ಪ್ಲಾಸ್ಟಿಕ್ ಕವಚ ಹಾಕಿಸಿದೆ. ಹೀಟರ್ ನೀರಿನಲ್ಲಿ ಒಡೆದರೆ ಮೀನಿಗೂ ಅಪಾಯ, ಕೈ ಹಾಕುವವನಿಗೂ ಅಪಾಯ. ಅಲಂಕಾರದ ಕೋಟೆ, ಸೇತುವೆ ಎಲ್ಲ ಅಟ್ಟ ಸೇರಿದವು. ಈಗ ಟ್ಯಾಂಕಿನಲ್ಲಿ ಇರುವುದು ತೆಳ್ಳಗೆ ಒಂದು ಪದರ ಮರಳು ಮತ್ತು ಆ ಕುಂಡ. ನೋಡಲು ಬೋಳು. ಆದರೆ ಮರಳಿನ ಏರುತಗ್ಗು ವಾರಕ್ಕೊಂದು ಬಗೆಯಾಗಿರುತ್ತದೆ, ನಾನು ಕೈ ಹಾಕಿ ಸರಿ ಮಾಡುವುದನ್ನು ಬಿಟ್ಟಿದ್ದೇನೆ.

ಗಾಜಿನಾಚೆಗೂ ಗಡಿ ದಾಟಿತು. ಪೊರಕೆ ಕಂಡರೆ ಆಗದು. ಅಮ್ಮ ಹಾಲು ಗುಡಿಸಲು ಬಂದರೆ ಪೊರಕೆಯ ಜೊತೆಜೊತೆಗೇ ಈ ತುದಿಯಿಂದ ಆ ತುದಿಗೆ ಕಿವಿರು ಅಗಲಿಸಿಕೊಂಡು ಬರುತ್ತದೆ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ 1973ರಲ್ಲಿ ನೊಬೆಲ್ ಹಂಚಿಕೊಂಡ ನಿಕೊ ಟಿನ್‌ಬರ್ಗನ್, ಹಾಲೆಂಡಿನ ಲೈಡನ್‌ನಲ್ಲಿ ಸ್ಟಿಕಲ್‌ಬ್ಯಾಕ್ ಅನ್ನುವ ಸಣ್ಣ ಮೀನುಗಳನ್ನು ಕಿಟಕಿ ಪಕ್ಕ ಇಟ್ಟಿದ್ದರಂತೆ. ರಸ್ತೆಯಲ್ಲಿ ಕೆಂಪು ಅಂಚೆ ಗಾಡಿ ಹೋದಾಗೆಲ್ಲ ಗಂಡುಮೀನುಗಳು ಆ ಕಡೆಯ ಗಾಜಿಗೆ ನುಗ್ಗುತ್ತಿದ್ದವು. ಆ ಮೀನಿನ ಗಂಡಿಗೆ ಮರಿ ಮಾಡುವ ಕಾಲದಲ್ಲಿ ಹೊಟ್ಟೆ ಕೆಂಪಾಗುತ್ತದೆ, ಕೆಂಪು ಕಂಡರೆ ಇನ್ನೊಂದು ಗಂಡು ಬಂತು ಅಂತ ಲೆಕ್ಕ. ನಮ್ಮ ಪೊರಕೆಯಲ್ಲಿ ಭೀಮನಿಗೆ ಏನು ಕಂಡಿತೋ. ಅಮ್ಮನಿಗೆ ಮಾತ್ರ ಅದು ತನ್ನ ಮೇಲಿನ ಸಿಟ್ಟು ಅಂತಲೇ ಅನ್ನಿಸಿತ್ತು, ಕೈಯಾರೆ ಪೆಲೆಟ್, ಅಂದರೆ ಮೀನಿನ ಆಹಾರದ ಗುಳಿಗೆ, ಹಾಕಿ ರಾಜಿ ಮಾಡಿಕೊಳ್ಳುವವರೆಗೆ.

ಕಚ್ಚುತ್ತದಾ ಅಂತ ಕೇಳುತ್ತಾರೆ. ಕಚ್ಚುತ್ತದೆ. ಬೆರಳ ತುದಿಯಲ್ಲಿ ರಕ್ತ ಜಿನುಗುವಷ್ಟು. ಸಿಕ್ಲಿಡ್‌ಗಳಿಗೆ ಬಾಯಿಯ ದವಡೆಯಲ್ಲದೆ ಗಂಟಲಿನಲ್ಲಿ ಇನ್ನೊಂದು ಜೊತೆ ದವಡೆ ಇರುತ್ತದೆ, ಜಗಿಯುವ ಕೆಲಸ ಅಲ್ಲಿ. ಒಣ ಸೀಗಡಿ ಹಾಕಿದಾಗ ರಾತ್ರಿಯ ಮೌನದಲ್ಲಿ ಆ ಸದ್ದು ಕೇಳಿಸುತ್ತದೆ. ಹಾಗಾಗಿ ಟ್ಯಾಂಕ್ ಕೆಲಸಕ್ಕೆ ನಿಂತಾಗ ನಾನೊಂದು ಉಪಾಯ ಮಾಡುತ್ತೇನೆ. ಎಡಗೈಯಲ್ಲಿ ಒಂದು ಸ್ಟೀಲ್ ಚೊಂಬನ್ನು ಗಾಜಿನ ಹೊರಗೆ ಒಂದು ತುದಿಯಲ್ಲಿ ಆಡಿಸುವುದು, ಅದು ಅಲ್ಲಿ ತನ್ನ ಬಿಂಬದ ಜೊತೆ ಜಗಳಕ್ಕೆ ನಿಂತಾಗ ಬಲಗೈಯಲ್ಲಿ ಇನ್ನೊಂದು ತುದಿಯ ಕೊಳೆ ಎಳೆಯುವುದು. ಕೆಲವರು ದಿನವಿಡೀ ಕನ್ನಡಿ ಇಟ್ಟುಬಿಡುತ್ತಾರೆ, ಕೋಕ್ ದೊಡ್ಡದಾಗಲಿ ಅಂತ. ಕೋಕ್ ಬಹುಪಾಲು ಬರುವುದು ವಂಶದಿಂದ, ಕನ್ನಡಿಯಿಂದ ಅಲ್ಲ. ಗೆಲ್ಲಲೂ ಆಗದ ಓಡಿಸಲೂ ಆಗದ ಶತ್ರುವನ್ನು ದಿನಪೂರ್ತಿ ಎದುರಿಗಿಟ್ಟರೆ ಮೀನು ಸೊರಗುತ್ತದೆ, ಅಷ್ಟೇ.

ಇಷ್ಟೆಲ್ಲ ಕಂಡ ಮೇಲೂ ಅಮ್ಮನ ಮನಸ್ಸಿನಲ್ಲಿ ಒಂದು ಕೊರಗಿತ್ತು. ‘ಪಾಪ ಕಣೋ, ಅಷ್ಟು ದೊಡ್ಡ ಮನೇಲಿ ಒಂದೇ. ಒಂದು ಜೊತೆ ತಂದ್ಹಾಕೋ.’ ಬಂದು ಹೋದ ನೆಂಟರದೂ ಇದೇ ರಾಗ. ಒಂದು ಹಬ್ಬಕ್ಕೆ ಬಂದ ಚಿಕ್ಕಪ್ಪನ ಮಗ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಸಕ್ಕರ್ ಮೀನು ಹಿಡಿದುಕೊಂಡೇ ಬಂದ. ಪಾಚಿ ತಿಂದು ಗಾಜು ಚೊಕ್ಕ ಮಾಡುತ್ತದೆ, ಮೈಮೇಲೆ ಗಟ್ಟಿ ಕವಚ ಇದೆ, ಯಾರೂ ಏನೂ ಮಾಡಲಾರರು ಅಂತ ಅವನ ವಾದ. ಬಂದದ್ದನ್ನು ಎಲ್ಲಾದರೂ ಇಡಬೇಕಲ್ಲ. ತೂತುಗಳಿರುವ ಅಕ್ರಿಲಿಕ್ ಹಲಗೆಯನ್ನು ಟ್ಯಾಂಕಿಗೆ ಅಡ್ಡ ನಿಲ್ಲಿಸಿ ಬಲಗಡೆಯ ಒಂದಡಿಯಲ್ಲಿ ಅದನ್ನು ಬಿಟ್ಟೆ.

ಭೀಮ ಆ ಹಲಗೆಯ ಮುಂದೆ ನಿಂತದ್ದು ನಿಂತಂತೆ. ಮೈಯ ಕೆಂಪು ಇಳಿದು ಕಪ್ಪು ಪಟ್ಟೆಗಳು ಎದ್ದವು. ಪೆಲೆಟ್ ಬಿದ್ದರೆ ತಿರುಗಿಯೂ ನೋಡಲಿಲ್ಲ. ಹಲಗೆಯ ಬುಡದ ಮರಳು ತೋಡತೊಡಗಿತು, ಕೆಳಗಿನಿಂದ ದಾರಿ ಮಾಡಿಕೊಳ್ಳುವವರ ಹಾಗೆ. ಆ ಕಡೆ ಸಕ್ಕರ್ ಮೀನು ಗಾಜಿಗೆ ಬಾಯಿ ಅಂಟಿಸಿಕೊಂಡು ತಣ್ಣಗಿತ್ತು. ಅದರ ಕವಚ ಮೈಗಿದೆ, ಕಣ್ಣಿಗಿಲ್ಲ. ಸಿಕ್ಲಿಡ್‌ಗಳು ಮೊದಲು ಗುರಿ ಇಡುವುದು ಕಣ್ಣಿಗೇ. ಎರಡು ದಿನ ನೋಡಿ ಅಮ್ಮನೇ ‘ತೆಗೆದುಬಿಡೋ, ಇಬ್ಬರಿಗೂ ನೆಮ್ಮದಿ ಇಲ್ಲ’ ಅಂದಳು.

ತೆಗೆದು ಎಲ್ಲಿ ಬಿಡುವುದು? ‘ಅಮಾನಿಕೆರೆಗೆ ಬಿಟ್ಟುಬಿಡು, ಪುಣ್ಯ’ ಅಂದ ಚಿಕ್ಕಪ್ಪನ ಮಗ. ಈ ಮಾತಿಗೆ ನಾನು ಬಗ್ಗಲಿಲ್ಲ. ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಹೀಗೆ ಪುಣ್ಯ ಕಟ್ಟಿಕೊಳ್ಳಲು ಹೋದವರಿಂದಲೂ ಅದು ಈಗ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ತುಂಬಿಕೊಂಡಿದೆ. ಬೆಸ್ತರ ಬಲೆಗೆ ಬೀಳುವುದು ತಿನ್ನಲೂ ಮಾರಲೂ ಬಾರದ ಮುಳ್ಳುಮೀನು, ಬಲೆಯೂ ಹರಿಯುತ್ತದೆ. ಫ್ಲವರ್‌ಹಾರ್ನಿನದೂ ಇದೇ ಕಥೆ. ಮಲೇಷ್ಯಾ, ಸಿಂಗಪುರಗಳಲ್ಲಿ ಮೋಜು ಮುಗಿದವರು ನೀರಿಗೆ ಬಿಟ್ಟದ್ದು ಅಲ್ಲಿನ ಮೀನುಗಳಿಗೆ ಕಾಟವಾಯಿತು. ಸಕ್ಕರನ್ನು ತಂದ ಅಂಗಡಿಗೇ ವಾಪಸ್ ಕೊಟ್ಟು ಬಂದೆವು. ದುಡ್ಡು ಕೊಡಲಿಲ್ಲ, ಕೇಳಲೂ ಇಲ್ಲ.

ಭೀಮ ಎರಡನೇ ವರ್ಷಕ್ಕೆ ಕಾಲಿಟ್ಟಾಗ ಅದರ ನಡತೆ ಬದಲಾಯಿತು. ಇಡೀ ಟ್ಯಾಂಕಿನಲ್ಲಿ ಓಡಾಡುತ್ತಿದ್ದದ್ದು ಕುಂಡ ಬಿಟ್ಟು ಕದಲುತ್ತಿರಲಿಲ್ಲ. ಕುಂಡದ ಹೊರಮೈಯನ್ನು ಬಾಯಿಂದ ಉಜ್ಜಿ ಉಜ್ಜಿ ಪಾಚಿ ಒಂದಿಷ್ಟೂ ಇಲ್ಲದ ಹಾಗೆ ಮಾಡಿತು. ಹೊಟ್ಟೆಯ ಕೆಳಗೆ ಮೊಂಡಾದ ಒಂದು ಸಣ್ಣ ನಳಿಗೆ ಇಳಿದಿತ್ತು. ನಾನು ಕಾಯಿಲೆ ಅಂದುಕೊಂಡು ಮೀನು ಸಾಕುವ ಗೆಳೆಯನಿಗೆ ಫೋಟೊ ಕಳಿಸಿದೆ. ಅವನು ಬರೀ ನಗುವ ಚಿಹ್ನೆಗಳನ್ನು ಕಳಿಸಿದ. ಸಂಜೆ ಶಾಲೆಯಿಂದ ಬಂದ ಮಗಳು ಕೂಗಿದಳು: ‘ಅಪ್ಪಾ, ಭೀಮ ಮೊಟ್ಟೆ ಇಟ್ಟಿದ್ದಾನೆ!’

ಕುಂಡದ ಮೇಲೆ ಸಾಲು ಸಾಲಾಗಿ, ರಾಗಿ ಕಾಳಿಗಿಂತ ತುಸು ದಪ್ಪನೆಯ, ಜೇನು ಬಣ್ಣದ ಮೊಟ್ಟೆಗಳು. ನೂರಾರು. ಹೊಟ್ಟೆಯನ್ನು ಕುಂಡಕ್ಕೆ ತಾಗಿಸಿಕೊಂಡು ನಿಧಾನಕ್ಕೆ ಜಾರುತ್ತಾ ಇನ್ನೂ ಇಡುತ್ತಲೇ ಇತ್ತು. ಫ್ಲವರ್‌ಹಾರ್ನ್ ಮರಿಯಲ್ಲಿ ಗಂಡು ಹೆಣ್ಣು ಹೇಳುವುದು ಕಷ್ಟ. ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಮಚ್ಚೆ ಇದ್ದರೆ ಹೆಣ್ಣು ಅನ್ನುವ ಲೆಕ್ಕವೂ ಎಷ್ಟೋ ಸಲ ತಪ್ಪುತ್ತದೆ. ಕಣ್ಣಾರೆ ಮೊಟ್ಟೆ ಕಂಡರೆ ಅದೇ ಪುರಾವೆ. ಗಂಡಿಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ನಾಟಿ ಕೋಳಿಯ ಹಾಗಲ್ಲ ಅಂತ ವಾದಿಸಲು ಹೊರಟ ನನಗೆ ಅಮ್ಮ ‘ಕೋಳೀನೂ ಹುಂಜ ಇಲ್ದೆ ಇಡತ್ತೆ, ಮರಿ ಆಗಲ್ಲ ಅಷ್ಟೆ’ ಅಂತ ಪಾಠ ಮಾಡಿದಳು. ಮಗಳು ಆ ರಾತ್ರಿಯೇ ನಾಮಕರಣ ತಿದ್ದಿದಳು. ಭೀಮ ಹೋಗಿ ಹಿಡಿಂಬೆ ಆಯಿತು.

ಮುಂದಿನ ಮೂರು ದಿನ ಮನೆಯಲ್ಲಿ ಯಾರೂ ಟ್ಯಾಂಕಿನ ಹತ್ತಿರ ಸುಳಿಯುವ ಹಾಗಿರಲಿಲ್ಲ. ಊಟ ಬಿಟ್ಟಳು. ಎದೆಯ ರೆಕ್ಕೆಗಳಿಂದ ಮೊಟ್ಟೆಗಳ ಮೇಲೆ ಸದಾ ನೀರು ಬೀಸುತ್ತಿದ್ದಳು, ಗಾಳಿ ಆಡಲಿ ಅಂತ. ನಡುನಡುವೆ ಗುಂಡಿ ತೋಡುತ್ತಿದ್ದಳು. ಮರಿ ಹೊರಬಂದರೆ ಅವನ್ನು ಬಾಯಲ್ಲಿ ತಂದು ಇಡುವುದು ಆ ಗುಂಡಿಗೆ. 28 ಡಿಗ್ರಿ ನೀರಿನಲ್ಲಿ ಫಲಿತ ಮೊಟ್ಟೆ ಒಡೆಯಲು ಮೂರು ದಿನ ಸಾಕು. ಇವು ಮರುದಿನದಿಂದಲೇ ಒಂದೊಂದಾಗಿ ಬೆಳ್ಳಗಾದವು, ಬೂಸ್ಟು ಹಿಡಿಯಿತು. ಬಿಳಿಯಾದವನ್ನು ಹೆಕ್ಕಿ ತಿನ್ನುತ್ತಿದ್ದಳು, ಉಳಿದವಕ್ಕೆ ಮತ್ತೆ ಬೀಸುತ್ತಿದ್ದಳು. ವಾರದ ನೀರು ಬದಲಿಸುವ ದಿನ ನಾನು ಪೈಪು ಇಳಿಸಿದರೆ ಪೈಪಿನ ಬಾಯಿಗೇ ಬಂದು ಕಚ್ಚಿ ಹಿಡಿದು ಎಳೆದಳು. ‘ಬಾಣಂತಿ ಹತ್ರ ಏನೋ ನಿನ್ನ ಕೆಲಸ, ಎದ್ದು ಬಾ’ ಅಂತ ಅಮ್ಮ ಗದರಿಸಿದಳು. ಆ ವಾರ ಅಮ್ಮ ಹಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಪೊರಕೆ ತರಲಿಲ್ಲ.

ಹಾಗಾದರೆ ಒಂದು ಗಂಡು ತರೋಣವೇ ಅನ್ನುವ ಮಾತು ಮಗಳಿಂದ ಬಂತು. ಗೆಳೆಯನ ಮನೆಯಲ್ಲಿ ಆ ಪ್ರಯೋಗ ನಡೆದಿದೆ. ಗಂಡು ಹೆಣ್ಣನ್ನು ಒಪ್ಪಿಕೊಳ್ಳುವವರೆಗೆ ನಡುವೆ ಹಲಗೆ ಇರಬೇಕು, ಒಪ್ಪಿದ ಮೇಲೂ ಕಣ್ಣಿಡಬೇಕು. ಓಡಿಹೋಗಲು ಸರೋವರ ಇಲ್ಲದ ಕಡೆ ಸೋತವರು ಎಲ್ಲಿಗೆ ಹೋಗಬೇಕು? ಟಿನ್‌ಬರ್ಗನ್ ಜೊತೆ ನೊಬೆಲ್ ಹಂಚಿಕೊಂಡ ಕಾನ್ರಾಡ್ ಲೊರೆಂಜ್ ಸಿಕ್ಲಿಡ್ ಜೋಡಿಗಳಲ್ಲಿ ಕಂಡದ್ದೂ ಇದನ್ನೇ. ಪಕ್ಕದಲ್ಲಿ ಜಗಳವಾಡಲು ನೆರೆಯವರು ಇಲ್ಲದಿದ್ದರೆ ಗಂಡು ತನ್ನ ಹೆಂಡತಿಯ ಮೇಲೇ ತಿರುಗಿ ಬೀಳುತ್ತದೆ. ಅದಿರಲಿ, ಎಲ್ಲ ಸರಿಹೋಗಿ ಐನೂರು ಮರಿ ಆದರೆ ಐನೂರು ಗೂಡು ಎಲ್ಲಿಂದ ತರಲಿ? ಈ ಸಲ ಅಮ್ಮನೇ ನನ್ನ ಪರ ನಿಂತಳು. ‘ಬೇಡ ಪುಟ್ಟಿ, ಅವಳ ಪಾಡಿಗೆ ಅವಳಿರಲಿ.’

ಕಾಯಿಲೆಯ ಮಾತನ್ನೂ ಹೇಳಿಬಿಡುತ್ತೇನೆ. ಒಂದು ಚಳಿಗಾಲದಲ್ಲಿ ಊಟ ಬಿಟ್ಟು, ಬಿಳಿ ದಾರದಂಥ ಮಲ ಎಳೆಯತೊಡಗಿದಳು. ಸಿಕ್ಲಿಡ್ ಸಾಕುವವರೆಲ್ಲ ಹೆದರುವ ಲಕ್ಷಣ ಇದು. ಕರುಳಿನ ಪರೋಪಜೀವಿ ಹೆಚ್ಚಾದರೆ ಹೀಗಾಗುತ್ತದೆ, ಬಿಟ್ಟರೆ ತಲೆಯಲ್ಲಿ ತೂತು ಬೀಳುವ ರೋಗದವರೆಗೆ ಹೋಗಬಹುದು. ನೀರಿನ ಬಿಸಿ ಮೆಲ್ಲಗೆ 30 ಡಿಗ್ರಿಗೆ ಏರಿಸಿ, ಮೆಟ್ರೊನಿಡಜೋಲ್ ಕೊಟ್ಟು, ನೀರು ಹೆಚ್ಚು ಸಲ ಬದಲಿಸಿದ ಮೇಲೆ ಸರಿಹೋದಳು. ಅದಕ್ಕೂ ಮೊದಲು ಯಾರೋ ಹೇಳಿದರೆಂದು ತಿನ್ನಲು ಜೀವಂತ ಸಣ್ಣ ಮೀನು ಹಾಕುವ ಗೋಜಿಗೆ ನಾವು ಹೋಗಿರಲಿಲ್ಲ. ಇಂಥ ರೋಗ ಒಳಗೆ ಬರುವ ಒಂದು ದೊಡ್ಡ ದಾರಿ ಅದೇ. ಕರೆಂಟ್ ಹೋದಾಗ ಏರ್ ಪಂಪ್ ಯುಪಿಎಸ್‌ನಲ್ಲಿ ಓಡುತ್ತದೆ, ಹೀಟರ್ ಓಡುವುದಿಲ್ಲ. 250 ಲೀಟರ್ ನೀರು ಅಷ್ಟು ಬೇಗ ತಣಿಯುವುದೂ ಇಲ್ಲ, ದೊಡ್ಡ ಟ್ಯಾಂಕಿನ ಲಾಭ ಅದು.

ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ತೆಗೆಯುತ್ತೇನೆ. ಹೊಸ ನೀರನ್ನು ಹಿಂದಿನ ರಾತ್ರಿಯೇ ಡ್ರಮ್ಮಿಗೆ ಹಿಡಿದು ಏರ್ ಪಂಪ್ ಬಿಟ್ಟಿರುತ್ತೇನೆ, ಯಾಕೆಂದರೆ ಬೋರಿನ ನೀರಲ್ಲಿ ಗಾಳಿ ಕಡಿಮೆ. ಹೇಮಾವತಿ ನೀರಾದರೆ ಕ್ಲೋರಿನ್ ಇರುತ್ತದೆ, ಅದನ್ನು ತೆಗೆಯಲು ಹೈಪೋ ಹರಳು. ತೆಗೆದ ಕೊಳೆ ನೀರು ಕರಿಬೇವಿನ ಗಿಡಕ್ಕೆ. ಗಿಡ ಈಗ ಕಾಂಪೌಂಡ್ ದಾಟಿ ಬೆಳೆದಿದೆ, ಎದುರು ಮನೆಯವರು ಒಗ್ಗರಣೆಗೆ ಇಲ್ಲಿಂದಲೇ ಕೀಳುತ್ತಾರೆ.

ಚೆನ್ನಾಗಿ ತಿನ್ನಿಸಿದಷ್ಟೂ, ನೀರು ಬೆಚ್ಚಗಿದ್ದಷ್ಟೂ ಹಿಡಿಂಬೆ ಬೇಗ ಬೇಗ ಮೊಟ್ಟೆ ಇಡುತ್ತಾಳೆ, ಪ್ರತಿ ಸಲವೂ ಸೊರಗುತ್ತಾಳೆ. ಅದಕ್ಕೆ ಈಗ ಪೆಲೆಟ್ ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿಸಿ, ಹೀಟರನ್ನು 26ಕ್ಕೆ ಇಟ್ಟಿದ್ದೇನೆ. ಮೊಟ್ಟೆಗಳ ನಡುವಿನ ಅಂತರ ಹೆಚ್ಚಿದೆ. ಕುಂಡವನ್ನೇ ತೆಗೆದುಬಿಡು, ಇಡಲು ಜಾಗವೇ ಇಲ್ಲದಿದ್ದರೆ ಇಡುವುದಿಲ್ಲ ಅಂತ ಗೆಳೆಯ ಹೇಳುತ್ತಾನೆ. ಒಂದು ಸಲ ತೆಗೆದೂ ನೋಡಿದೆ. ಗಾಜಿಗೇ ಇಟ್ಟಳು, ಹಾಲಿನ ಕಡೆಯ ಗಾಜಿಗೆ. ಟಿವಿ ನೋಡಲು ಕುರ್ಚಿ ಎಳೆದುಕೊಂಡವರಿಗೆಲ್ಲ ಅವಳ ಜೊತೆ ಜಗಳವಾಯಿತು. ಕುಂಡ ವಾಪಸ್ ಎಡಮೂಲೆಗೆ ಹೋಗಿದೆ.